ರವೆ ತೆಗೆಯುತ್ತಿದ್ದ ಆಪಾ

ಕುಡಚಿಯಿಂದ ಫೋನು ಬಂದಾಗ ನಾನು ಒಂದು ಮದುವೆಯ ಫೋಟೋದಲ್ಲಿ ರವೆ ತೆಗೆಯುತ್ತ ಕೂತಿದ್ದೆ. ಆಪಾ ಹೋಗಿಬಿಟ್ಟರು ಎಂದು ಅವರ ತಂಗಿಯ ಮಗಳು ಹೇಳಿದಳು. ಬೆಳಿಗ್ಗೆ ಚಹಾ ಕುಡಿದು, ಕಪ್ಪನ್ನು ಕೆಳಗಿಟ್ಟು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲವಂತೆ. ಫೋನು ಇಟ್ಟು ಕಂಪ್ಯೂಟರಿನ ಪರದೆ ನೋಡಿದೆ. ಮದುಮಗಳ ಕೆನ್ನೆಯ ಮೇಲೆ ಮೌಸಿನ ಗುರುತು ನಿಂತೇ ಇತ್ತು. ಆ ಕೆನ್ನೆಯಿಂದ ರವೆ ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂಬುದನ್ನು ನನಗೆ ಕಲಿಸಿದವರು ಆಪಾ.

ರವೆ ಎಂದರೆ ಏನು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಕಡಿಮೆ ಬೆಳಕಿನಲ್ಲಿ ತೆಗೆದ ಡಿಜಿಟಲ್ ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ, ಕಪ್ಪು ಇರುವ ಕಡೆಯೆಲ್ಲ ಕೆಂಪು, ಹಸಿರು, ನೀಲಿ ಕಾಳು ಚೆಲ್ಲಿದ ಹಾಗೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಅದಕ್ಕೆ ನಾಯ್ಸ್ ಎಂದು ಹೆಸರು. ಆಪಾ ಅದನ್ನು ರವಾ ಅನ್ನುತ್ತಿದ್ದರು. ನಾಯ್ಸ್ ಎಂದರೆ ಗದ್ದಲ ಎಂದು ನಾನು ಡಿಕ್ಷನರಿ ನೋಡಿ ಒಮ್ಮೆ ಹೇಳಿದ್ದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಗದ್ದಲ ಕಿವಿಗೆ ಆಗುವುದು, ಇದು ಕಣ್ಣಿಗೆ ಚುಚ್ಚುವುದು, ರವಾ ಅನ್ನುವುದೇ ಸರಿ ಎಂದು ತೀರ್ಮಾನ ಕೊಟ್ಟರು. ಅಂದಿನಿಂದ ನಮ್ಮ ಅಂಗಡಿಯಲ್ಲಿ ಅದು ರವೆಯೇ.

ಅಂಗಡಿ ಇದ್ದದ್ದು ರಾಯಬಾಗದಲ್ಲಿ. ಆಪಾ ಅವರ ತಂದೆ ಹಾಕಿದ ಸ್ಟುಡಿಯೋ. ಹೊರಗಿನ ಬೋರ್ಡಿನ ಮೇಲೆ ತಂದೆಯ ಹೆಸರೇ ಇತ್ತು, ಆಪಾ ತಮ್ಮ ಹೆಸರನ್ನು ಎಲ್ಲಿಯೂ ಬರೆಸಲಿಲ್ಲ. ಅದಕ್ಕೇ ನಾನೂ ಇಲ್ಲಿ ಬರೆಯುವುದಿಲ್ಲ. ಗಿರಾಕಿಗಳು, ಬಸ್ಸಿನ ಕಂಡಕ್ಟರು, ಎದುರಿನ ಚಹಾದಂಗಡಿಯವನು, ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ, ಅಷ್ಟೇ. ದಿನಾಲು ಕುಡಚಿಯಿಂದ ಬಸ್ಸಿಗೆ ಬಂದು, ಒಳಗಿನ ಬಟ್ಟೆಯ ಪರದೆಯ ಹಿಂದೆ ಕಂಪ್ಯೂಟರಿನ ಮುಂದೆ ಕೂತರೆ ಸಂಜೆಯ ಬಸ್ಸಿನ ತನಕ ಏಳುತ್ತಿರಲಿಲ್ಲ. ಮನೆಯಲ್ಲಿ ಉರ್ದು, ಗಿರಾಕಿ ಬಂದರೆ ಕನ್ನಡ, ಗಡಿಯ ಆಚೆಯವರು ಬಂದರೆ ಮರಾಠಿ. ಮೂರರಲ್ಲೂ ಒಂದೇ ದನಿ, ಎತ್ತರಿಸಿ ಮಾತಾಡಿದ್ದನ್ನು ನಾನು ಎಂದೂ ಕೇಳಿಲ್ಲ.

ಕಂಪ್ಯೂಟರು ಬರುವುದಕ್ಕೂ ಮುಂಚೆ ಅವರು ತಂದೆಯ ಹತ್ತಿರ ಬ್ರಶ್ಶಿನ ಕೆಲಸ ಮಾಡುತ್ತಿದ್ದರು. ಕಪ್ಪು ಬಿಳುಪು ಪ್ರಿಂಟಿನ ಮೇಲೆ ಧೂಳಿನಿಂದ ಬಿದ್ದ ಬಿಳಿ ಚುಕ್ಕೆಗಳನ್ನು ನಾಲ್ಕೇ ಕೂದಲಿನ ಬ್ರಶ್ಶಿನಿಂದ ಮುಚ್ಚುವ ಕೆಲಸ ಅದು. ಡಿಜಿಟಲ್ ಬಂದ ಮೇಲೆ ಆ ಬ್ರಶ್ಶು ಕೀಲಿಮಣೆಯ ಸಂದಿಯ ಧೂಳು ತೆಗೆಯಲು ಉಳಿಯಿತು. ಎಸೆಯಲಿಲ್ಲ. ಬಣ್ಣದ ಸಣ್ಣ ಶೀಶೆಯೂ ಒಣಗಿ ಡ್ರಾದಲ್ಲಿ ಬಿದ್ದಿತ್ತು.

ನಾನು ಅಲ್ಲಿಗೆ ಹೋದದ್ದು ಮೂವತ್ತು ದಾಟಿದ ಮೇಲೆ. ನಾನು ಅಕ್ಕೋಳದವನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಚೀಲ ಹೊತ್ತವನು. ತಂಬಾಕಿನ ಪುಡಿ ಎದೆಗೆ ಇಳಿದು ಕೆಮ್ಮು ಹಿಡಿದಾಗ ಆ ಕೆಲಸ ಬಿಟ್ಟೆ. ಇಪ್ಪತ್ತೆಂಟಕ್ಕೆ ಹೊರಗಿನಿಂದ ಹತ್ತನೆಯ ಪರೀಕ್ಷೆ ಬರೆದು, ಎರಡನೆಯ ಸಲಕ್ಕೆ ಪಾಸಾದೆ. ಹೆಂಡತಿಯ ಊರು ರಾಯಬಾಗ. ಅಲ್ಲಿ ಮದುವೆಗಳ ಫೋಟೋ ತೆಗೆಯಲು ಆಪಾಗೆ ಒಬ್ಬ ಮನುಷ್ಯ ಬೇಕಾಗಿದ್ದ. ಕ್ಯಾಮೆರಾ ಬೇಗ ಕೈಗೆ ಹತ್ತಿತು, ಕಂಪ್ಯೂಟರು ಹತ್ತಲಿಲ್ಲ. ಮೊದಲ ದಿನ ನಾನು ಒಂದೇ ಬೆರಳಿನಿಂದ ಅಕ್ಷರ ಹುಡುಕುವುದನ್ನು ಅವರು ನೋಡುತ್ತ ನಿಂತಿದ್ದರು.

"ಭಾಯಿ, ನಿನಗ ಬೆರಳ ಎಷ್ಟ ಅದಾವ?"

"ಹತ್ತ ಅದಾವ್ರಿ."

"ಹಂಗಾರ ಒಂಬತ್ತ ಮನ್ಯಾಗ ಬಿಟ್ಟ ಬಂದಿಯೇನ?"

ನಗಲಿಲ್ಲ. ಅವರು ತಮಾಷೆ ಮಾಡಿದ ಮೇಲೆ ನಗುತ್ತಿರಲಿಲ್ಲ, ಕನ್ನಡಕ ತೆಗೆದು ಅದರ ಮೇಲೆ ಹಾ ಎಂದು ಉಸಿರು ಬಿಟ್ಟು ದುಪಟ್ಟಾದ ತುದಿಯಿಂದ ಒರೆಸುತ್ತಿದ್ದರು. ಅದೇ ಅವರ ನಗು ಎಂದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು. ಇವತ್ತಿಗೂ ನಾನು ಎರಡು ಬೆರಳಿನಿಂದ ಮುಂದೆ ಹೋಗಿಲ್ಲ.

ಆಗಿನ ಕ್ಯಾಮೆರಾಗಳು ಈಗಿನಂತಲ್ಲ. ಮದುವೆ ಕಾರ್ಯಾಲಯದ ಮಂಕು ದೀಪದಲ್ಲಿ ತೆಗೆದರೆ ಮದುಮಗನ ಕಪ್ಪು ಕೋಟಿನ ತುಂಬ ರವೆ. ನಾನು ಕಲಿತ ಹೊಸದರಲ್ಲಿ ರವೆ ಕಂಡ ಕೂಡಲೆ ಫಿಲ್ಟರನ್ನು ಕೊನೆಯ ತನಕ ಎಳೆದುಬಿಡುತ್ತಿದ್ದೆ. ರವೆ ಹೋಗುತ್ತಿತ್ತು, ಅದರ ಜೊತೆಗೆ ಹುಬ್ಬಿನ ಕೂದಲು, ಇಳಕಲ್ ಸೀರೆಯ ಅಂಚಿನ ಎಳೆ, ಮುದುಕರ ಗಡ್ಡ, ಎಲ್ಲ ಕರಗಿ ಹೋಗುತ್ತಿತ್ತು. ಆಪಾ ಹಿಂದೆ ಬಂದು ನಿಂತು, ಇವರು ಮನುಷ್ಯರೋ ಮೇಣದಬತ್ತಿಯೋ ಎಂದು ಕೇಳುತ್ತಿದ್ದರು. ಅವರ ಪದ್ಧತಿ ಬೇರೆ ಇತ್ತು. ಬಣ್ಣದ ರವೆಯನ್ನು ಪೂರ್ತಿ ತೆಗೆಯಬೇಕು, ಯಾಕೆಂದರೆ ಯಾರ ಮೈಯಲ್ಲೂ ನೀಲಿ ಕಾಳು ಇರುವುದಿಲ್ಲ. ಬಣ್ಣವಿಲ್ಲದ ಸಾದಾ ರವೆಯನ್ನು ಅರ್ಧ ಬಿಡಬೇಕು. ಹಿಂದಿನ ಗೋಡೆ, ಪರದೆ, ಆಕಾಶ ಇವನ್ನು ಎಷ್ಟು ಬೇಕಾದರೂ ನುಣ್ಣಗೆ ಮಾಡಬಹುದು. ಮುಖಕ್ಕೆ ಬಂದಾಗ ಕೈ ಬಿಗಿ ಹಿಡಿಯಬೇಕು. ಚೂಪು ಮಾಡುವ ಕೆಲಸ ಎಲ್ಲದರ ಕೊನೆಗೆ, ಮೊದಲೇ ಮಾಡಿದರೆ ರವೆಯೇ ಚೂಪಾಗಿ ಕೂರುತ್ತದೆ.

ಇಷ್ಟು ಮಾಡಿ ಅವರು ಕುರ್ಚಿಯಿಂದ ಎದ್ದು ಮೂರು ಹೆಜ್ಜೆ ಹಿಂದೆ ಬಾಗಿಲಿನ ತನಕ ಹೋಗಿ, ಎಡಗಣ್ಣನ್ನು ಅರ್ಧ ಮುಚ್ಚಿ ಪರದೆಯನ್ನು ನೋಡುತ್ತಿದ್ದರು. ನಾನು ಮೂಗು ಮುಟ್ಟುವಷ್ಟು ಹತ್ತಿರ ಕೂತು ಒಂದೊಂದೇ ಕಾಳು ಹುಡುಕುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

"ಗ್ವಾಡಿಗಿ ಹಾಕಿದ ಫೋಟೋ ಯಾರೂ ಗೇಣ ದೂರದಿಂದ ನೋಡೂದಿಲ್ಲ ಭಾಯಿ. ಹಿಂದಕ ಬಾ. ಇಲ್ಲಿಂದ ಕಂಡದ್ದಷ್ಟ ತಗಿ."

ಒಂದು ಸಲ ಚಿಕ್ಕೋಡಿಯ ಕಡೆಯ ಮದುಮಗನ ಅಕ್ಕ ಬಂದು, ತಮ್ಮನನ್ನು ಬೆಳ್ಳಗೆ ಮಾಡಿ, ಮುಖದ ಮೇಲಿನ ಕುಳಿಗಳನ್ನೆಲ್ಲ ತುಂಬಿ ಎಂದು ಹಟ ಹಿಡಿದಳು. ಆಪಾ ಅವಳು ಹೇಳಿದ ಹಾಗೆಯೇ ಒಂದು ಮಾಡಿ ತೋರಿಸಿದರು. ಆಮೇಲೆ ಮೆಲ್ಲಗೆ, ಇದನ್ನು ನೋಡಿಕೊಂಡು ಬಂದರೆ ಹುಡುಗಿ ನಾಳೆ ನಿನ್ನ ತಮ್ಮನ ಗುರುತು ಹಿಡಿಯದೆ ಮತ್ತೊಬ್ಬನ ಕೂಡ ಹೋಗಿಬಿಡುತ್ತಾಳೆ, ಆಗ ನನ್ನನ್ನು ಬೈಯಬೇಡ ಎಂದರು. ಅಕ್ಕ ನಕ್ಕುಬಿಟ್ಟಳು. ಕುಳಿಗಳು ಉಳಿದವು.

ಅವರ ಇನ್ನೊಂದು ಕಟ್ಟುನಿಟ್ಟು ಎಂದರೆ, ಯಾವ ಫೋಟೋ ಬಂದರೂ ಮೊದಲು ಅದರ ನಕಲು ಮಾಡಿ, ಬಂದದ್ದಕ್ಕೆ ಮೂಲ ಎಂದು ಹೆಸರು ಕೊಟ್ಟು ಬೇರೆ ಇಡಬೇಕು. ಕೆಲಸವೆಲ್ಲ ನಕಲಿನ ಮೇಲೆ. ಮೂಲವನ್ನು ಮುಟ್ಟುವ ಹಾಗಿಲ್ಲ. ಈ ಒಂದನ್ನು ನಾನು ಒಂದೇ ಸಲ ಮುರಿದೆ.

ಆಪಾ ಮಿರಜಿನಲ್ಲಿ ಯಾರದೋ ಲಗ್ನಕ್ಕೆ ಎರಡು ದಿನ ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬನೇ. ಶೇಡಬಾಳದ ಆಚೆಯ ಒಂದು ವಸ್ತಿಯಿಂದ ಕುರಿ ಸಾಕುವ ಮನೆತನದವನೊಬ್ಬ ಬಂದ. ಅವನ ತಾಯಿ ತೀರಿ ಒಂಬತ್ತು ದಿನ ಆಗಿತ್ತು. ದಿವಸದ ಕಾರ್ಯಕ್ಕೆ ಇಡಲು ಫೋಟೋ ಬೇಕಾಗಿತ್ತು. ಮುದುಕಿ ಜನ್ಮದಲ್ಲಿ ಸ್ಟುಡಿಯೋ ಮೆಟ್ಟಿಲು ಹತ್ತಿದವಳಲ್ಲ. ಸಂಜೆಯ ಹೊತ್ತು ಕುರಿ ಹಟ್ಟಿಯಲ್ಲಿ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಾಗ ಮನೆಯವರು ಯಾರೋ ಮೊಬೈಲಿನಲ್ಲಿ ಹೊಡೆದದ್ದು ಒಂದೇ ಒಂದು ಇತ್ತು. ಬಹಳ ಕತ್ತಲಾಗಿತ್ತು. ಅವನು, ಸ್ವಚ್ಛ ಆಗಿ ಬರಲಿ, ಅಷ್ಟೇ ಸಾಕು ಎಂದ. ಸಂಜೆಯೊಳಗೆ ಬೇಕು ಎಂದೂ ಹೇಳಿದ.

ನಾನು ಅವನ ಮೊಬೈಲಿನ ಕಾರ್ಡನ್ನು ಹಾಕಿ, ಕಾರ್ಡಿನಲ್ಲಿದ್ದ ಫೋಟೋವನ್ನೇ ತೆರೆದೆ. ನಕಲು ಮಾಡಲಿಲ್ಲ. ಅವಸರ ಇತ್ತು ಎಂದು ಹೇಳಬಹುದು, ನಿಜ ಹೇಳಬೇಕೆಂದರೆ ಮರೆತೆ. ಬೆಳಕು ಹೆಚ್ಚಿಸಿದೆ. ಕತ್ತಲೆಯಿಂದ ಮುಖ ಹೊರಗೆ ಬಂತು, ಮುಖದ ಜೊತೆಗೆ ರವೆಯೂ ಬಂತು. ಫಿಲ್ಟರು ಎಳೆದೆ. ಗದ್ದದ ಮೇಲೆ, ಹಣೆಯ ಮೇಲೆ ಒಂದಷ್ಟು ಹಸಿರು ಚುಕ್ಕೆ ಮಾತ್ರ ಹೋಗಲಿಲ್ಲ. ಜಿಗುಟು ರವೆ ಎಂದುಕೊಂಡು ಒಂದೊಂದನ್ನೇ ಆರಿಸಿ ಪಕ್ಕದ ಚರ್ಮದಿಂದ ಮುಚ್ಚಿದೆ. ಕೆಲಸ ಚೆನ್ನಾಗಿ ಆಯಿತು ಎಂದು ಖುಷಿಯಾಗಿ, ಅದೇ ಹೆಸರಿನಲ್ಲಿ ಸೇವ್ ಮಾಡಿ, ಪ್ರಿಂಟು ತೆಗೆದು ಕಟ್ಟು ಹಾಕಿಸಿ ಕೊಟ್ಟೆ. ಮಗ ನೋಡಿ ಚಂದ ಆಗಿದೆ ಎಂದು ಒಯ್ದ.

ಅವು ಹಚ್ಚೆ. ನನ್ನ ಅಜ್ಜಿಯ ಗದ್ದದ ಮೇಲೂ ಇದ್ದವು. ಸಣ್ಣವನಿದ್ದಾಗ ಅವನ್ನು ಉಗುರಿನಿಂದ ಕೆರೆದು ತೆಗೆಯಲು ನೋಡಿ ಬೈಸಿಕೊಂಡಿದ್ದೇನೆ. ಆದರೂ ಪರದೆಯ ಮೇಲೆ ನನಗೆ ಹೊಳೆಯಲಿಲ್ಲ. ನಾನು ಮುಖ ನೋಡುತ್ತಿರಲಿಲ್ಲ, ಕಾಳು ನೋಡುತ್ತಿದ್ದೆ.

ಎರಡು ದಿನದ ಮೇಲೆ ಆ ಮಗ ಮತ್ತೆ ಬಂದ. ಈ ಸಲ ಜೊತೆಗೆ ಅವನ ಅಕ್ಕ ಇದ್ದಳು. ಅಥಣಿಯ ಕಡೆ ಕೊಟ್ಟ ಹೆಣ್ಣುಮಗಳು, ನಲವತ್ತರ ಆಸುಪಾಸು. ಟಾವೆಲ್ಲಿನಲ್ಲಿ ಸುತ್ತಿದ ಫೋಟೋವನ್ನು ಬಿಚ್ಚಿ ನಮ್ಮ ಮೇಜಿನ ಮೇಲೆ ಇಟ್ಟಳು. ಆಪಾ ಅಂದು ಬೆಳಿಗ್ಗೆಯೇ ಬಂದಿದ್ದರು, ಪರದೆ ಸರಿಸಿ ಹೊರಗೆ ಬಂದರು.

"ಇಕಿ ಯಾರ್ರಿ?" ಎಂದು ಆ ಅಕ್ಕ ಕೇಳಿದಳು.

ನಾನು ಫೋಟೋವನ್ನು ನನ್ನ ಕಡೆ ತಿರುಗಿಸಿಕೊಂಡೆ.

"ಜೀವ ಹ್ವಾದಮ್ಯಾಲ ಆಕಿ ಬಂಗಾರ ನಾವ ಬಿಚ್ಚಿದ್ವಿ. ಹಚ್ಚಿ ನೀವ ಬಿಚ್ಚಿದ್ರಿ."

ನಮ್ಮ ಕಡೆಯ ಹಳೆಯ ಹೆಂಗಸರು ನಂಬುತ್ತಿದ್ದುದು ಹಾಗೆ. ಸೀರೆ, ಬಂಗಾರ ಎಲ್ಲ ಇಲ್ಲೇ ಉಳಿಯುತ್ತದೆ, ಮೈಯ ಜೊತೆ ಹೋಗುವುದು ಹಚ್ಚೆ ಮಾತ್ರ. ಈ ಅಕ್ಕ ಸಣ್ಣವಳಿದ್ದಾಗ ಹಚ್ಚೆ ಹಾಕುವವಳು ಬಂದರೆ ಕುರಿಗಳ ನಡುವೆ ಓಡಿ ಅಡಗಿಕೊಂಡಿದ್ದಳಂತೆ. ಕೊನೆಗೂ ಹಾಕಿಸಿಕೊಳ್ಳಲಿಲ್ಲ. ನೀನು ಹೋಗುವಾಗ ಏನು ಒಯ್ಯುತ್ತೀ ಎಂದು ತಾಯಿ ಸಾಯುವ ತನಕ ಕೇಳುತ್ತಿದ್ದಳಂತೆ. ಇದನ್ನೆಲ್ಲ ಅವಳು ಜಗಳದ ದನಿಯಲ್ಲಿ ಹೇಳಲಿಲ್ಲ. ಅದಕ್ಕೇ ಹೆಚ್ಚು ನಾಟಿತು. ಮರುದಿನ ಕಾರ್ಯ ಇತ್ತು.

ಮೊಬೈಲಿನ ಫೋಟೋ ಬಹಳ ಕತ್ತಲಿತ್ತು, ಮೊಬೈಲು ಹಳೆಯದು ಎಂದು ನಾನು ಏನೋ ಶುರು ಮಾಡಿದೆ. ಆಪಾ ಕೈ ಎತ್ತಿ ತಡೆದರು.

"ಮೂಲ ಎಲ್ಲೈತಿ?"

ನಾನು ತಲೆ ತಗ್ಗಿಸಿದೆ. ಅವರಿಗೆ ತಿಳಿಯಿತು. ಕನ್ನಡಕ ತೆಗೆದರು, ಆದರೆ ಉಸಿರು ಬಿಟ್ಟು ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು.

"ಹೇಳು ಅವರಿಗೆ. ನೀನ ಹೇಳು. ಮೊಬೈಲ್ ಮ್ಯಾಲ ಹಾಕಬ್ಯಾಡ."

ಹೇಳಿದೆ. ಹಚ್ಚೆ ಎಂದು ತಿಳಿಯದೆ ರವೆ ಎಂದು ಒರೆಸಿದ್ದು, ಮೊದಲಿದ್ದ ಫೋಟೋದ ಮೇಲೆಯೇ ಇದನ್ನು ಸೇವ್ ಮಾಡಿದ್ದು, ಬೇರೆ ಪ್ರತಿ ಎಲ್ಲಿಯೂ ಇಲ್ಲದ್ದು. ಆ ಅಕ್ಕ ಎಲ್ಲ ಕೇಳಿ, ಹಾಗಾದರೆ ಇನ್ನು ಬರುವುದಿಲ್ಲವೇನು ಎಂದಳು. ಇಲ್ಲ ಎಂದೆ.

"ಕಂಪ್ಯೂಟರಿನ್ಯಾಗಿಂದ ಬರೂದಿಲ್ಲ ತಂಗಿ," ಎಂದರು ಆಪಾ. "ನಿನ್ನ ಕಡಿಂದ ಬರಬೇಕ. ಬಾ, ಇಲ್ಲಿ ಕುಂದ್ರು."

ಸ್ಟುಡಿಯೋದಲ್ಲಿ ಗಿರಾಕಿಗಳು ತಲೆ ಬಾಚಿಕೊಳ್ಳಲು ಒಂದು ಕನ್ನಡಿ ಇರುತ್ತದಲ್ಲ, ಅದರ ಮುಂದೆ ಅವಳನ್ನು ಕೂರಿಸಿದರು. ಡ್ರಾದಿಂದ ತಂದೆಯ ಕಾಲದ ಬಣ್ಣದ ಶೀಶೆ ತೆಗೆದು ಎರಡು ಹನಿ ನೀರು ಹಾಕಿ ಕಲಸಿದರು. ಕೀಲಿಮಣೆಯ ಹತ್ತಿರ ಬಿದ್ದಿದ್ದ ಬ್ರಶ್ಶನ್ನು ತೊಳೆದರು. ಎಷ್ಟು ಇದ್ದವು ಎಂದು ಕೇಳಿದರು. ಗದ್ದದ ಮೇಲೆ ಮೂರು ಎಂದ ತಮ್ಮ. ಅಕ್ಕ ಐದು ಎಂದಳು.

"ಮೂರ ಅಲ್ಲೇನ?" ಎಂದ ತಮ್ಮ.

"ನೀ ಆಕಿ ಕೈಯಾಗಿನ ರೊಟ್ಟಿ ನೋಡಿದ್ದಿ. ಮಾರಿ ಯಾವಾಗ ನೋಡಿದ್ದಿ?"

ಅವನು ಹಿಂದೆ ಸರಿದು ಬೆಂಚಿನ ಮೇಲೆ ಕೂತ.

ಆಪಾ ಬ್ರಶ್ಶಿನ ತುದಿಯಿಂದ ಆ ಅಕ್ಕನ ಗದ್ದದ ಮೇಲೆಯೇ ಒಂದು ಚುಕ್ಕೆ ಇಟ್ಟರು. ಅವಳು ಕನ್ನಡಿಯಲ್ಲಿ ನೋಡಿ, ಇನ್ನಷ್ಟು ಕೆಳಗೆ ಎಂದಳು. ಒರೆಸಿ ಮತ್ತೆ ಇಟ್ಟರು. ಹೀಗೆ ಒಂದೊಂದು. ಕೆಲವನ್ನು ಮೂರು ಸಲ, ನಾಲ್ಕು ಸಲ ಒರೆಸಿದರು. ಆಪಾ ಒಮ್ಮೆಯೂ ಅವಸರ ಮಾಡಲಿಲ್ಲ.

"ಇದು ಇನ್ನಷ್ಟ ಎಡಕ್ಕ. ಆಕಿ ನಕ್ಕಾಗ ಮಡಿಕ್ಯಾಗ ಹೋಗತಿತ್ರಿ ಅದು, ಕಾಣತಿದ್ದಿದ್ದಿಲ್ಲ."

ಹಣೆಯ ಮೇಲಿನದು ಒಂದು ಗೆರೆ, ಅದರ ಕೆಳಗೆ ಒಂದು ಚುಕ್ಕೆ. ಅದು ಕೊನೆಯದು. ಅದನ್ನು ಇಟ್ಟು ಆಪಾ ಹಿಂದೆ ಸರಿದರು. ಆ ಅಕ್ಕ ಕನ್ನಡಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗನ್ನು ಎಳೆದು, ಫೋಟೋದಲ್ಲಿ ಅವಳ ತಾಯಿ ಹೊದ್ದ ಹಾಗೆ ತಲೆಯ ಮೇಲೆ ಹೊದ್ದುಕೊಂಡಳು. ತಮ್ಮ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

ತಾಯಿ ಫೋಟೋದಲ್ಲಿ ಮುಖ ಎಷ್ಟು ವಾರೆ ಮಾಡಿದ್ದಳೋ ಅಷ್ಟೇ ವಾರೆ ಕೂರಿಸಿ ಆ ಅಕ್ಕನ ಫೋಟೋ ತೆಗೆಯಲು ಆಪಾ ನನಗೆ ಹೇಳಿದರು. ಸ್ಟ್ಯಾಂಡ್ ಹಾಕಿ ತೆಗೆದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಅವರು ಕಂಪ್ಯೂಟರಿನಲ್ಲಿ ತಾಯಿಯ ಮುಖದ ಮೇಲೆ ಚುಕ್ಕೆ ಇಡುತ್ತ ಬಂದರು. ಹಳೆಯ ಹಚ್ಚೆ ಚರ್ಮದೊಳಗೆ ಹರಡಿ ಮಬ್ಬಾಗಿರುತ್ತದೆ, ಹಾಗೆ ಅಂಚುಗಳನ್ನು ಮೆತ್ತಗೆ ಮಾಡಿದರು. ಆದರೂ ಅವು ಹಣೆಯ ಟಿಕಳಿ ಅಂಟಿಸಿದ ಹಾಗೆ ಮೇಲೆ ಮೇಲೆ ಕಾಣುತ್ತಿದ್ದವು. ಕೆಳಗಿನ ಚರ್ಮವನ್ನು ನಾನು ಮೇಣ ಮಾಡಿಟ್ಟಿದ್ದೆನಲ್ಲ, ಅದರ ಮೇಲೆ ಯಾವುದೂ ಕೂರುತ್ತಿರಲಿಲ್ಲ.

ಆಗ ಅವರು ಮಾಡಿದ್ದನ್ನು ನಾನು ಅಂದುಕೊಂಡಿರಲಿಲ್ಲ. ಫೋಟೋಕ್ಕೆ ರವೆ ಹಾಕತೊಡಗಿದರು. ಇಷ್ಟು ವರ್ಷ ತೆಗೆಯುತ್ತ ಬಂದವರು ಕೂತು ರವೆ ಉದುರಿಸಿದರು. ನೆರಳಿನಲ್ಲಿ ಸ್ವಲ್ಪ ಹೆಚ್ಚು, ಬೆಳಕಿನಲ್ಲಿ ಕಡಿಮೆ, ಬಣ್ಣವಿಲ್ಲದ ಸಾದಾ ರವೆ. ಎದ್ದು ಬಾಗಿಲಿಗೆ ಹೋಗಿ ನೋಡುವುದು, ಬಂದು ಇನ್ನಷ್ಟು ಉದುರಿಸುವುದು. ನೋಡನೋಡುತ್ತ ಮೇಣ ಹೋಗಿ ಚರ್ಮ ಬಂತು, ಚುಕ್ಕೆಗಳು ಚರ್ಮದ ಒಳಗೆ ಇಳಿದು ಕೂತವು. ಐದನೆಯದು ಮಡಿಕೆಯ ಅಂಚಿನಲ್ಲಿ, ಈಗ ನಕ್ಕರೆ ಒಳಗೆ ಹೋಗುತ್ತದೆ ಅನ್ನುವ ಹಾಗೆ ಇತ್ತು.

ಪ್ರಿಂಟು ಬಂದಾಗ ಆಪಾ ಅದನ್ನು ತಾವೇ ಆ ಅಕ್ಕನ ಕೈಗೆ ಕೊಟ್ಟರು.

"ಇವು ಕ್ಯಾಮೆರಾ ಕಂಡ ಚುಕ್ಕಿ ಅಲ್ಲ ತಂಗಿ. ನೀ ಕಂಡ ಚುಕ್ಕಿ. ತಪ್ಪಿದ್ರ ಈಗ ಹೇಳು."

ಅವಳು ಬೆರಳಿನಿಂದ ಫೋಟೋದ ಗದ್ದ ಮುಟ್ಟಿದಳು. ಆಮೇಲೆ ತನ್ನದು ಮುಟ್ಟಿಕೊಂಡಳು.

"ಬಂದ್ಲು," ಎಂದಳು.

ಮುಖದ ಬಣ್ಣ ಒರೆಸಿಕೋ ಎಂದು ಆಪಾ ಒದ್ದೆ ಬಟ್ಟೆ ಚಾಚಿದರು. ಅವಳು ತೆಗೆದುಕೊಳ್ಳಲಿಲ್ಲ. ಮನೆ ಮುಟ್ಟುವ ತನಕ ಇರಲಿ ಎಂದು ಹೇಳಿ, ಸೆರಗನ್ನು ಗದ್ದದ ತನಕ ಎಳೆದುಕೊಂಡು ತಮ್ಮನ ಜೊತೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ನನ್ನನ್ನು ಆಪಾ ಬೈಯಲಿಲ್ಲ. ಫೋಟೋ ಹಾಕಿ ಕೊಡುವ ಖಾಕಿ ಲಕೋಟೆಗಳ ಒಂದು ಕಟ್ಟನ್ನು ನನ್ನ ಮುಂದೆ ಇಟ್ಟು, ಪ್ರತಿಯೊಂದರ ಮೇಲೂ ಕೈಯಿಂದ ಬರೆ ಎಂದರು. ಬರೆಯಬೇಕಾದದ್ದು ಎರಡೇ ಶಬ್ದ. ಏನು ತೆಗೆಯಬಾರದು. ಅದರ ಕೆಳಗೆ ಖಾಲಿ ಗೆರೆ ಎರಡು. ನನ್ನ ಅಕ್ಷರ ಆಗಲೂ ಮೂರನೆಯ ಇಯತ್ತೆಯ ಹುಡುಗನದೇ. ಆದರೂ ನನ್ನಿಂದಲೇ ಬರೆಸಿದರು. ಅಂದಿನಿಂದ ಯಾವ ಮುಖವನ್ನೂ ಈ ಪ್ರಶ್ನೆ ಕೇಳದೆ ನಾವು ಮುಟ್ಟಲಿಲ್ಲ.

ಮೊದಮೊದಲು ಗಿರಾಕಿಗಳಿಗೆ ತಿಳಿಯುತ್ತಿರಲಿಲ್ಲ. ಏನು ತೆಗೆಯಬೇಕು ಎಂದು ಕೇಳಿದರೆ ಎಲ್ಲರ ಹತ್ತಿರ ಯಾದಿ ಇರುತ್ತದೆ. ಏನು ತೆಗೆಯಬಾರದು ಎಂದರೆ ಕಣ್ಣು ಬೇರೆ ಕಡೆ ಹೋಗುತ್ತದೆ, ಆಮೇಲೆ ಹೇಳುತ್ತಾರೆ. ಒಬ್ಬ ಹೆಣ್ಣುಮಗಳು ಗಂಡನ ಮುಂದಿನ ಹಲ್ಲಿನ ಸಂದಿ ಇರಲಿ, ಅದರಿಂದಲೇ ಸೀಟಿ ಹೊಡೆಯುತ್ತಿದ್ದ ಎಂದಳು. ಕಾಗವಾಡದ ಒಬ್ಬ ನೌಕರದಾರ ತನ್ನ ಅಪ್ಪನ ಬಲಗಿವಿಯ ಹರಿದ ಹಾಲೆಯನ್ನು ಬರೆಸಿದ. ಅದು ಎತ್ತಿನ ಕೊಂಬು ತಾಗಿ ಹರಿದದ್ದಂತೆ, ಆ ಕಥೆಯನ್ನು ಅರ್ಧ ಗಂಟೆ ಹೇಳಿದ. ಆಪಾ ಪರದೆಯ ಹಿಂದೆ ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಮೌಸಿನ ಸಪ್ಪಳ ನಿಂತರೆ ಅವರು ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು.

ಕೆಲವು ವರ್ಷಗಳಲ್ಲಿ ಅವರ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣಿಗೆ ಆಪರೇಶನ್ ಆಯಿತು, ಇನ್ನೊಂದಕ್ಕೆ ಮಾಡಿಸಲಿಲ್ಲ. ಈಗ ಎಲ್ಲ ಫೋಟೋಕ್ಕೂ ರವಾ ಬಂದ ಹಾಗೆ ಕಾಣುತ್ತದೆ, ನನ್ನಿಂದ ತೆಗೆಯುವುದು ಆಗುವುದಿಲ್ಲ ಎಂದು ಹೇಳಿ, ಅಂಗಡಿಯನ್ನು ನನ್ನ ಕೈಗೆ ಬಿಟ್ಟು ಬರುವುದನ್ನು ನಿಲ್ಲಿಸಿದರು. ಕೊನೆಯ ಸಲ ನಾನು ಕುಡಚಿಗೆ ಹೋದಾಗ ಹೊಸ ಮೊಬೈಲು ತೋರಿಸಿದೆ. ಫೋಟೋ ಹೊಡೆಯುತ್ತಲೇ ಮುಖ ತಾನೇ ನುಣ್ಣಗಾಗುವುದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ಇದು ತಾನ ತಗೀತೈತಿ. ಯಾರನ್ನೂ ಕೇಳೂದಿಲ್ಲ ಅಲ್ಲ?"

ಇಲ್ಲ ಎಂದೆ. ಮೊಬೈಲನ್ನು ತಿರುಗಿ ಕೊಟ್ಟರು.

ಅವರು ಹೋಗಿ ಹದಿನೈದು ದಿನಕ್ಕೆ ತಂಗಿಯ ಮಗಳು ಅಂಗಡಿಗೆ ಬಂದಳು. ಅವರ ಮನೆಯಲ್ಲಿ ಗೋಡೆಗೆ ಫೋಟೋ ಹಾಕುವುದಿಲ್ಲ. ತನ್ನ ಹತ್ತಿರ ಇಟ್ಟುಕೊಳ್ಳಲು ಒಂದು ಬೇಕು ಎಂದಳು. ಕ್ಯಾಮೆರಾ ಎತ್ತಿದರೆ ಆಪಾ ಮುಖ ತಿರುಗಿಸುತ್ತಿದ್ದರು, ಇಷ್ಟು ವರ್ಷ ಜೊತೆಗಿದ್ದ ನನ್ನ ಹತ್ತಿರವೂ ಅವರ ಫೋಟೋ ಇಲ್ಲ. ಈ ಹುಡುಗಿ ಅಡುಗೆಮನೆಯಲ್ಲಿ ಅವರಿಗೆ ಗೊತ್ತಾಗದ ಹಾಗೆ ಹೊಡೆದದ್ದು ಒಂದು ಇತ್ತು. ಒಲೆಯ ಹತ್ತಿರ ಕೂತು, ಎಡಗಣ್ಣು ಅರ್ಧ ಮುಚ್ಚಿ ಏನನ್ನೋ ನೋಡುತ್ತಿದ್ದಾರೆ. ತುಂಬ ಕತ್ತಲೆ. ರವೆಯೋ ರವೆ.

ಮೊದಲು ನಕಲು ಮಾಡಿದೆ. ಬಂದದ್ದಕ್ಕೆ ಮೂಲ ಎಂದು ಹೆಸರು ಕೊಟ್ಟು ಎರಡು ಕಡೆ ಇಟ್ಟೆ. ಲಕೋಟೆ ತೆಗೆದು, ಏನು ತೆಗೆಯಬಾರದು ಎಂದು ಅವಳನ್ನು ಕೇಳಿದೆ. ಅವಳು ಫೋಟೋ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನೀವ ಬರೀರಿ ಮಾಮಾ. ಹಗಲೆಲ್ಲಾ ಆಕೀನ್ನ ನೀವ ನೋಡೀರಿ."

ಮೂಗಿನ ಮೇಲೆ ಕನ್ನಡಕ ಕೂತು ಬಿದ್ದ ಎರಡು ಕುಳಿ ಎಂದು ಬರೆದೆ. ಅರ್ಧ ಮುಚ್ಚಿದ ಎಡಗಣ್ಣು ಎಂದು ಬರೆದೆ. ಅಷ್ಟಕ್ಕೆ ಲಕೋಟೆಯ ಎರಡು ಗೆರೆ ತುಂಬಿದವು. ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ.